ರಾಕೆಟ್ ಅಕ್ಕ ನೌಕೆ ಇಳಿಸಿದ್ದು

ನಮ್ಮಕ್ಕನನ್ನು ಬೀದಿಯವರೆಲ್ಲ ರಾಕೆಟ್ ಅಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆ ಹೆಸರಿಟ್ಟವಳು ನಾನೇ. ಸಿಟ್ಟು ನೆತ್ತಿಗೇರಿದ ಒಂದು ದಿನ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅದು ಪಕ್ಕದ ಮನೆಯವರ ಕಿವಿಗೆ ಬಿತ್ತು, ಅಲ್ಲಿಂದ ಹಾಲಿನವನ ಬಾಯಿಗೆ ಹೋಯಿತು, ಆಮೇಲೆ ಕೇಳಬೇಕೆ! ಆ ದಿನ ಆಗಿದ್ದಿಷ್ಟು: ನಾನು ಹೊಲಿದು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಗ್ರಾಹಕರ ಬಿಳಿ ಅಂಗಿಯ ಬೆನ್ನಿಗೆ ಅಂಗೈಯಗಲ ಕಪ್ಪು ಇಂಕು ಮೆತ್ತಿತ್ತು.

‘ಏನೇ ಇದು?’ ಎಂದು ಕೂಗಿದೆ.

‘ಅಯ್ಯೋ, ಇವತ್ತು ಶನಿಗ್ರಹ ಇತ್ತಲ್ಲ, ಇಂಕು ಸ್ವಲ್ಪ ಜಾಸ್ತಿ ಹಾಕಿದ್ದೆ’ ಎಂದಳು, ಏನೂ ಆಗದವಳ ಹಾಗೆ. ‘ನಿನ್ನ ರಾಕೆಟ್ಟಿಗೆ ಬೆಂಕಿ ಹಾಕ’ ಎಂದೆ ನಾನು. ಅವಳು ತಲೆಯೆತ್ತಿ, ‘ಹಾಕಿದ್ರೆ ತಾನೇ ಅದು ಮೇಲೆ ಹೋಗೋದು’ ಎಂದಳು. ಇಂಥವಳ ಜೊತೆ ಜಗಳ ಆಡುವುದು ಹೇಗೆ, ನೀವೇ ಹೇಳಿ.

ನಮ್ಮ ಮನೆಗೆ ಮುಂದಿನ ಕೋಣೆ ಒಂದೇ. ಕಿಟಕಿಯ ಕಡೆಯ ಅರ್ಧ ನನ್ನ ಹೊಲಿಗೆ ಮಷಿನ್ನಿಗೆ, ಗೋಡೆಯ ಕಡೆಯ ಅರ್ಧ ಅವಳ ಸೈಕ್ಲೋಸ್ಟೈಲ್ ಯಂತ್ರಕ್ಕೆ. ಈಗಿನವರಿಗೆ ಅದೆಲ್ಲ ಗೊತ್ತಿರಲಿಕ್ಕಿಲ್ಲ. ಮೇಣ ಸವರಿದ ನೀಲಿ ಬಣ್ಣದ ತೆಳು ಹಾಳೆ ಬರುತ್ತಿತ್ತು, ಅದಕ್ಕೆ ಸ್ಟೆನ್ಸಿಲ್ ಎನ್ನುತ್ತಿದ್ದರು. ಟೈಪ್ ಮಾಡಿದರೆ ಅಕ್ಷರ ಬಿದ್ದಲ್ಲಿ, ಉಕ್ಕಿನ ಮೊನೆಯ ಕಡ್ಡಿಯಲ್ಲಿ ಗೀರಿದರೆ ಗೆರೆ ಬಿದ್ದಲ್ಲಿ ಮೇಣ ಸರಿದು ದಾರಿ ಬಿಡುತ್ತದೆ. ಆ ಹಾಳೆಯನ್ನು ಯಂತ್ರದ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಇಂಕು ಆ ದಾರಿಯಿಂದ ಇಳಿದು ಕಾಗದಕ್ಕೆ ಅಂಟುತ್ತದೆ. ಒಂದು ಸ್ಟೆನ್ಸಿಲ್ಲಿನಿಂದ ಇನ್ನೂರು, ಮುನ್ನೂರು ಪ್ರತಿ. ಅಷ್ಟು ಹೊತ್ತಿಗೆ ಹಾಳೆ ಹರಿದು ಚಿಂದಿಯಾಗಿರುತ್ತದೆ.

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ನಾಳೆ ಹತ್ತರಿಂದ ನಾಲ್ಕರವರೆಗೆ ನೀರು ಬರುವುದಿಲ್ಲ ಎಂದು ಊರಿಗೆಲ್ಲ ಹಂಚುವ ಚೀಟಿಗಳನ್ನು ಸ್ಟೆನ್ಸಿಲ್ ಮಾಡುವುದು ಅವಳ ಕೆಲಸ. ಎಷ್ಟೋ ವರ್ಷ ಅದನ್ನೇ ಮಾಡಿದಳು. ಕಂಪ್ಯೂಟರ್ ಬಂದಾಗ ಕಚೇರಿಯವರು ಯಂತ್ರವನ್ನು ಗುಜರಿಗೆ ಹಾಕಲು ಹೊರಟರು. ಇವಳು ಅದನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು, ಉಳಿದಿದ್ದ ಸ್ಟೆನ್ಸಿಲ್ ಡಬ್ಬಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಅಷ್ಟರಲ್ಲಿ ಗಂಡ ತೀರಿಕೊಂಡು ನಾನೂ ಹೊಲಿಗೆ ಮಷಿನ್ನಿನ ಜೊತೆ ಇಲ್ಲಿಗೆ ಬಂದಾಗಿತ್ತು. ಮದುವೆ ಮನೆಯಂತೆ ಇಬ್ಬರೂ ನಮ್ಮ ನಮ್ಮ ಯಂತ್ರಕ್ಕೆ ಜಾಗ ಹಿಡಿದೆವು.

ಅವಳಿಗೆ ಈ ರಾಕೆಟ್ಟಿನ ಹುಚ್ಚು ಹೇಗೆ ಹಿಡಿಯಿತು ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕಂದಿನಿಂದ ಗ್ರಂಥಾಲಯದಿಂದ ತಂದು ಓದುತ್ತಿದ್ದದ್ದು ಬರೀ ಆಕಾಶದ ಕತೆಗಳು. ಬೇರೆ ಲೋಕ, ಬೇರೆ ಸೂರ್ಯ, ಎಂಟು ಕಾಲಿನ ಪ್ರಾಣಿ. ನನಗೆ ಎರಡು ಪುಟಕ್ಕೆ ನಿದ್ದೆ. ಆಗ ಬೇರೆ ಊರಿನ ಗಡಿಯಾರ ರಿಪೇರಿಯವರೊಬ್ಬರು ಇಂಥ ಕತೆಗಳ ಮರುಳರಿಗಾಗಿಯೇ ಒಂದು ಸಣ್ಣ ಪತ್ರಿಕೆ ಮಾಡುತ್ತಿದ್ದರು. ಓದುವವರೇ ಬರೆಯುವುದು, ಬರೆದವರೇ ಓದುವುದು. ಯಾರಿಗೂ ಯಾರೂ ದುಡ್ಡು ಕೊಡುವುದಿಲ್ಲ. ಪತ್ರಿಕೆ ಬೇಕಾದರೆ ಒಂದು ಕಾಗದ ಬರೆಯಬೇಕು, ಅಷ್ಟೇ. ಅದರಲ್ಲಿ ಯಾರೋ ಬರೆದ ಚಿತ್ರದಲ್ಲಿ ಚಂದ್ರನ ಮೇಲೆ ನಿಂತವನ ನೆರಳು ಬೆಳಕಿನ ಕಡೆಗೇ ಬಿದ್ದಿತ್ತಂತೆ. ನಮ್ಮಕ್ಕ ಸುಮ್ಮನಿದ್ದಾಳೆಯೇ? ಮೂರು ಪುಟ ಬೈದು ಬರೆದಳು. ಅವರಿಂದ ಒಂದೇ ಸಾಲಿನ ಉತ್ತರ ಬಂತು: ಹಾಗಾದರೆ ಮುಂದಿನದನ್ನು ನೀವೇ ಬರೆದು ಕಳಿಸಿ.

ಅಲ್ಲಿಂದ ಇಪ್ಪತ್ತೇಳು ವರ್ಷ, ನೂರಾ ಮೂರು ಸಂಚಿಕೆ. ಆ ಗಡಿಯಾರದವರೇ ಸಂಪಾದಕರು, ಕತೆಗಳನ್ನೂ ಕಾಗದಗಳನ್ನೂ ಒಟ್ಟು ಮಾಡಿ ಕಳಿಸುವರು. ಅಕ್ಕ ಟೈಪ್ ಮಾಡಿ, ಚಿತ್ರ ಗೀರಿ, ತಿರುಗಿಸಿ, ಪಿನ್ನು ಹೊಡೆದು ಅಂಚೆಗೆ ಹಾಕುವಳು. ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ‘ಬಸ್ಸಿಗೆ ಐದು ತಾಸಿನ ದಾರಿ, ಒಂದು ಸಲ ಹೋಗಿ ಬರಬಾರದೇನೇ?’ ಎಂದರೆ, ‘ಹೋಗಿ ಏನು ಮಾತಾಡ್ಲಿ?’ ಎನ್ನುತ್ತಿದ್ದಳು. ಹಾಗಂತ ಅವರ ಕಾಗದ ಬರುವ ದಿನ ಅಂಚೆಯವನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಮಾತ್ರ ತಪ್ಪುತ್ತಿರಲಿಲ್ಲ. ನಾನು ಮೊದಮೊದಲು ಏನೇನೋ ಅಂದುಕೊಂಡಿದ್ದೆ. ಕದ್ದು ಒಂದು ಕಾಗದ ಓದಿಯೂ ನೋಡಿದೆ. ನಾಲ್ಕು ಪುಟ ತುಂಬ, ಗಾಳಿಯಿಲ್ಲದ ಕಡೆ ಬಾವುಟ ಅಲ್ಲಾಡುತ್ತದೋ ಇಲ್ಲವೋ ಎಂಬ ಚರ್ಚೆ. ಥೂ, ನನ್ನ ಕುತೂಹಲಕ್ಕಿಷ್ಟು ಎಂದು ಮಡಿಸಿಟ್ಟೆ.

ಅವಳು ಚಿತ್ರ ಬರೆಯುವುದನ್ನು ನೋಡಬೇಕಿತ್ತು. ಎರಡು ಸ್ಟೂಲಿನ ನಡುವೆ ಒಂದು ಗಾಜು, ಗಾಜಿನ ಕೆಳಗೆ ಒಂದು ಬಲ್ಬು, ಮೇಲೆ ಸ್ಟೆನ್ಸಿಲ್. ಕಚೇರಿಯಿಂದ ಬಂದು ಕೈಕಾಲು ತೊಳೆದು ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು. ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಸ್ಟೆನ್ಸಿಲ್ಲಿಗೆ ಇಳಿಸುವ ಅಭ್ಯಾಸ ಅವಳಿಗಿಲ್ಲ. ನೇರ ಮೇಣದ ಮೇಲೆಯೇ. ಹಾಗಾಗಿ ಅವಳ ಕೈಯ ಮೂಲಚಿತ್ರ ಎಂಬುದು ಲೋಕದಲ್ಲಿ ಒಂದೂ ಇಲ್ಲ. ಅವಳ ನೌಕೆಗಳಲ್ಲಿ ನಮ್ಮ ಮನೆಯ ಸಾಮಾನೆಲ್ಲ ಇರುತ್ತಿತ್ತು. ಇಂಜಿನ್ನಿಗೆ ನನ್ನ ಹೊಲಿಗೆ ಮಷಿನ್ನಿನ ಚಕ್ರ, ಬಾಗಿಲಿಗೆ ಕಬ್ಬಿಣದ ಬೀರುವಿನ ಹಿಡಿ. ಅನ್ಯಲೋಕದ ದೊರೆಗೆ ಅವಳ ಕಚೇರಿಯ ಹೆಡ್ ಕ್ಲಾರ್ಕಿನ ಮೂಗು. ಆ ಹೆಡ್ ಕ್ಲಾರ್ಕೂ ಪತ್ರಿಕೆ ತರಿಸುತ್ತಿದ್ದರು, ಕೊನೆಯವರೆಗೂ ಅವರಿಗೆ ಗೊತ್ತಾಗಲಿಲ್ಲ.

ಹಿಂಬದಿಯ ಪುಟದಲ್ಲಿ ಮಾತಿಲ್ಲದ ಒಂದು ಚಿತ್ರ ಪ್ರತಿ ಸಂಚಿಕೆಯಲ್ಲೂ ಬರುತ್ತಿತ್ತು. ಒಂದೇ ನೌಕೆ, ಅದರಲ್ಲಿ ಒಬ್ಬಳೇ ಹೆಂಗಸು. ಮನೆ ಬಿಟ್ಟು ಹೊರಟಿದ್ದಾಳೆ, ಇಳಿಯಲು ಒಂದು ಗ್ರಹ ಹುಡುಕುತ್ತಿದ್ದಾಳೆ. ಒಂದರಲ್ಲಿ ಬಿರುಗಾಳಿ, ಒಂದರಲ್ಲಿ ನೆಲವೇ ಇಲ್ಲ, ಇನ್ನೊಂದರಲ್ಲಿ ಆಗಲೇ ಯಾರೋ ಬಂದು ಹೋದ ಗುರುತು. ಮುಂದೇನು ಎಂದು ಓದುಗರು ಊಹಿಸಿ ಕಾಗದ ಬರೆಯುವರು. ಅಕ್ಕನಿಗೆ ನೌಕೆ ಇಳಿಸಬೇಕೆಂದು ಎಷ್ಟೋ ಸಲ ಅನ್ನಿಸಿದ್ದುಂಟು. ಸಂಪಾದಕರು ಬಿಡುತ್ತಿರಲಿಲ್ಲ. ಇಳಿಸಿದರೆ ಕಾಗದ ನಿಲ್ಲುತ್ತವೆ, ಕಾಗದ ನಿಂತರೆ ಪತ್ರಿಕೆ ನಿಲ್ಲುತ್ತದೆ ಎನ್ನುವುದು ಅವರ ಲೆಕ್ಕ. ಹೀಗೆ ಆ ಹೆಂಗಸು ಇಪ್ಪತ್ತೇಳು ವರ್ಷ ಸುತ್ತಿದ್ದೇ ಸುತ್ತಿದ್ದು.

ಕಳೆದ ವರ್ಷ ಒಂದು ಬೆಳಿಗ್ಗೆ ಅಕ್ಕ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋಗಿ ಅವಳೂ ಬಿದ್ದಳು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಯಿತು. ಮಾತು ಒಂದೆರಡು ವಾರದಲ್ಲಿ ಸ್ವಲ್ಪ ತೊದಲುತ್ತ ಮರಳಿ ಬಂತು. ಕೈ ಮಾತ್ರ ಮಡಿಲಲ್ಲಿ ಇಟ್ಟರೆ ಇಟ್ಟಲ್ಲೇ. ಡಾಕ್ಟರು ‘ನೋಡೋಣ’ ಎಂದರು. ಅವರು ಹಾಗಂದ ಮೇಲೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ‘ಅವರಿಗೆ ಬರೀಬೇಡ’ ಎಂದಳು ಅಕ್ಕ, ಮಾತು ಬಂದ ಮೊದಲ ದಿನವೇ. ಯಾರಿಗೆ ಎಂದು ನಾನು ಕೇಳಲಿಲ್ಲ.

ಮೂರು ವಾರಕ್ಕೆ ಸಂಪಾದಕರ ಕಾಗದ ಬಂತು. ಅಕ್ಷರ ಅವರದಲ್ಲ, ಮಗಳ ಕೈಯಲ್ಲಿ ಬರೆಸಿದ್ದರು. ನಾನೇ ಓದಿ ಹೇಳಿದೆ. ಆಸ್ಪತ್ರೆಯಲ್ಲಿದ್ದಾರೆ, ಯಕೃತ್ತು ಕೆಟ್ಟಿದೆ, ಹೆಚ್ಚು ದಿನವಿಲ್ಲ. ಇನ್ನೊಂದು ಸಂಚಿಕೆ, ನಾಲ್ಕೇ ಪುಟ ಸಾಕು. ಕೊನೆಯ ಸಾಲು: ನೌಕೆ ಇಳಿಸಿಬಿಡಿ, ನಾನು ನೋಡಿ ಹೋಗುತ್ತೇನೆ.

ಅಕ್ಕ ಅಳಲಿಲ್ಲ. ‘ಸ್ಟೆನ್ಸಿಲ್ ಎಷ್ಟಿದೆ ನೋಡು’ ಎಂದಳು. ಮುಂದಿನ ಸಂಚಿಕೆಗೆ ಟೈಪ್ ಮಾಡಬೇಕಾದದ್ದನ್ನು ಅವಳು ಬೀಳುವ ಮೊದಲೇ ಮಾಡಿಟ್ಟಿದ್ದಳು. ಚಿತ್ರದ ಪುಟ ಒಂದೇ ಬಾಕಿ. ಡಬ್ಬದಲ್ಲಿ ನಾಲ್ಕೇ ನಾಲ್ಕು ಹಾಳೆ. ಅಂಗಡಿಯಲ್ಲಿ ಕೇಳಿದರೆ, ಸ್ಟೆನ್ಸಿಲ್ ಎಂದರೆ ರಂಗೋಲಿ ಹಾಕುವುದಾ ಎಂದು ಕೇಳುವ ಕಾಲ ಇದು.

‘ಕಾಗದದ ಮೇಲೆ ಪೆನ್ನಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ರೆ ಆಗಲ್ವೇನೇ? ಚಿತ್ರ ಬರೆಯೋ ಹುಡುಗೀರು ಎಷ್ಟು ಜನ ಇದ್ದಾರೆ, ಯಾರನ್ನಾದ್ರೂ ಕರೀತೀನಿ.’

‘ಪೆನ್ನಲ್ಲಿ ಬರೆದ್ರೆ ನನ್ನ ಕೈಯಲ್ಲ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತೆ. ಸ್ಟೆನ್ಸಿಲಲ್ಲಿ ಗೆರೆ ಹೇಗೂ ಸ್ವಲ್ಪ ನಡುಗುತ್ತೆ. ಅದರಲ್ಲಿ ಮುಚ್ಚಿಹೋಗುತ್ತೆ.’ ಡಬ್ಬದ ಕಡೆ ನೋಡುತ್ತ, ‘ಅವರು ನೌಕೆ ಇಳಿದದ್ದು ನೋಡಬೇಕು. ನನ್ನ ನೋಡಬಾರದು’ ಎಂದಳು.

ಮೊದಲ ಹಾಳೆಯನ್ನು ಅವಳೇ ಎಡಗೈಯಲ್ಲಿ ಗೀರಿದಳು. ದಿಂಬು ಒರಗಿಸಿ ಕೂಡಿಸಿದೆ, ಗಾಜನ್ನು ತೊಡೆಯ ಮೇಲೆ ಹಿಡಿದೆ. ಅರ್ಧ ತಾಸಿನಲ್ಲಿ ನೌಕೆಯ ಮೂತಿ ಬಂತು. ನೋಡಿದರೆ ಒದ್ದೆ ಬಟ್ಟೆ ಹಿಂಡಿ ಇಟ್ಟ ಹಾಗಿದೆ. ಅವಳೂ ನೋಡಿದಳು. ಕಡ್ಡಿ ಕೆಳಗಿಟ್ಟು, ‘ನೀನು ಬರಿ’ ಎಂದಳು.

‘ನಾನಾ? ನಿನ್ನ ತಲೆ! ನನಗೆ ಕಾಗೆ ಬರೆಯೋಕೂ ಬರಲ್ಲ.’

‘ನಿನ್ನ ಕೈ ನಡುಗಲ್ಲ. ನಾನು ಹೇಳ್ತೀನಿ, ನೀನು ಎಳಿ. ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಎಳೆಯಲ್ವಾ? ಹಾಗೆ.’

ನನಗೆ ಆಗ ಎಷ್ಟು ನಾಚಿಕೆಯಾಯಿತು ಎಂದರೆ ಹೇಳತೀರದು. ಈ ಚಿತ್ರಗಳ ವಿಷಯಕ್ಕೆ ನಾನು ಅವಳನ್ನು ಆಡಿಕೊಂಡದ್ದು ಒಂದೆರಡು ಸಲವೇ! ನೆಂಟರ ಮುಂದೆ ಮೂಗು ಮುರಿದಿದ್ದೇನೆ. ಹಳೆಯ ಸಂಚಿಕೆಗಳನ್ನು ಅಳತೆ ಕತ್ತರಿಸುವುದಕ್ಕೆ ಬಳಸಿ ಬಿಸಾಕಿದ್ದೇನೆ. ಈಗ ಅವಳ ಕೈ ನಾನಾಗಬೇಕಂತೆ.

ಎರಡನೆಯ ಹಾಳೆ ಹಾಳಾಯಿತು. ಎಡಕ್ಕೆ ಎಂದರೆ ನನ್ನೆಡವೋ ನಿನ್ನೆಡವೋ ಎಂದು ಇಬ್ಬರೂ ಕಿತ್ತಾಡಿದೆವು. ‘ಮೆತ್ತಗೆ ಕಣೇ, ಅದು ಕಾಗದ ಅಲ್ಲ, ಚರ್ಮ ಅಂದ್ಕೋ’ ಎನ್ನುತ್ತಿದ್ದಳು. ನಾನು ಮೆತ್ತಗೆ ಎಳೆದರೆ ಗೆರೆಯೇ ಕಾಣದು. ಮೂರನೆಯದರಲ್ಲಿ ನೌಕೆಯ ಕಾಲು ಬರೆಯುವಾಗ ಹಾಳೆ ಚರ್ರೆಂದು ಸೀಳಿತು. ನಾನು ಕಡ್ಡಿ ಎಸೆದು ಒಳಗೆ ಹೋಗಿ ಪಾತ್ರೆ ಬಡಿದೆ. ತಿರುಗಿ ಬಂದಾಗ ಅಕ್ಕ ಹಾಗೆಯೇ ಕೂತಿದ್ದಳು. ‘ಒಂದು ಇದೆ’ ಎಂದಳು.

ನಾಲ್ಕನೆಯದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಹೊಲಿಗೆಗೆ ಬಂದವರನ್ನೆಲ್ಲ ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುವಳು: ‘ನಡುವಿಂದ ಎರಡು ಬೆರಳು ಮೇಲೆ ಶುರು ಮಾಡು. ಹೊಟ್ಟೆ ಹತ್ರ ಸ್ವಲ್ಪ ಉಬ್ಬಲಿ. ಸಾಕು, ನಿಲ್ಲಿಸು.’ ನಾನು ಉಸಿರು ಬಿಗಿಹಿಡಿದು ಎಳೆಯುವೆ. ನೌಕೆ ಬಂತು, ಮೂರು ಕಾಲು ಬಂದವು, ಬಾಗಿಲು ಬಂತು. ಬಾಗಿಲಿನಿಂದ ಏಣಿ ಇಳಿಯಿತು. ಏಣಿಯ ಕೊನೆಯ ಮೆಟ್ಟಿಲ ಮೇಲೆ ಆ ಹೆಂಗಸು, ಒಂದು ಪಾದ ನೆಲ ಮುಟ್ಟಿದೆ. ನಿಜ ಹೇಳುತ್ತೇನೆ, ಆ ಪಾದ ಬರೆಯುವಾಗ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಇವಳು ಅನುಭವಿಸಿದ್ದು ಇದನ್ನೇನಾ ಎಂದುಕೊಂಡೆ. ಹೊಟ್ಟೆಕಿಚ್ಚೂ ಆಯಿತು.

ಇನ್ನು ಗ್ರಹ ಒಂದು ಬಾಕಿ. ‘ದೊಡ್ಡದಾಗಿ ಒಂದು ಸುತ್ತು ಹಾಕು. ನೌಕೆಯ ಕಾಲು, ಏಣಿಯ ತುದಿ, ಪಾದ ಎಲ್ಲ ಅದರ ಒಳಗೆ ಬರಲಿ’ ಎಂದು ಹೇಳಿ ಅಕ್ಕ ದಣಿದು ಕಣ್ಣು ಮುಚ್ಚಿದಳು. ಸುತ್ತು ಹಾಕುವುದು ಎಂದರೆ ನನಗೆ ನೀರು ಕುಡಿದ ಹಾಗೆ. ಮೂವತ್ತು ವರ್ಷ ಕತ್ತಿನ ಪಟ್ಟಿಗೆ ಸುತ್ತು ಹಾಕಿದವಳು. ನಮ್ಮ ಕಸುಬಿನಲ್ಲಿ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು; ಒಂದೆಳೆ ತಪ್ಪಿದರೂ ಕತ್ತು ಎಳೆಯುತ್ತದೆ. ತಟ್ಟೆ ಬೋರಲು ಹಾಕಿ, ಒತ್ತಿ ಹಿಡಿದು, ಒಂದೇ ಎಳೆತಕ್ಕೆ ಸುತ್ತು ಮುಗಿಸಿ ತುದಿಗೆ ತುದಿ ಸೇರಿಸಿದೆ. ಎಂಥ ಚೆಂದದ ಸುತ್ತು! ‘ಅಕ್ಕಾ, ನೋಡೇ’ ಎಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿದೆ.

ಗ್ರಹ ಕಳಚಿ ನನ್ನ ಮಡಿಲಿಗೆ ಬಿತ್ತು.

ಅಕ್ಕ ಕಣ್ಣು ಬಿಟ್ಟು ನೋಡಿದಳು. ‘ಮುಚ್ಚಿಬಿಟ್ಯಾ?’ ಎಂದಳು. ಆಗ ತಿಳಿಯಿತು ನನಗೆ. ಸ್ಟೆನ್ಸಿಲ್ಲಿನಲ್ಲಿ ವೃತ್ತವನ್ನು ಪೂರ್ತಿ ಮುಚ್ಚುವಂತಿಲ್ಲ. ಮುಚ್ಚಿದರೆ, ಅದರಲ್ಲೂ ಒತ್ತಿ ಎಳೆದರೆ, ಒಳಗಿನದು ಬಿಲ್ಲೆಯ ಹಾಗೆ ಕತ್ತರಿಸಿ ಬೀಳುತ್ತದೆ, ಆ ಜಾಗದಲ್ಲಿ ಬರೀ ಇಂಕು ಸುರಿಯುತ್ತದೆ. ಅವಳ ಚಂದ್ರ, ಕಿಟಕಿ, ಗಾಜಿನ ಟೋಪಿ ಎಲ್ಲಕ್ಕೂ ಒಂದು ಕಡೆ ಕೂದಲೆಳೆಯಷ್ಟು ಬಿಟ್ಟಿರುತ್ತಿತ್ತಂತೆ. ನಾನು ಗಮನಿಸಿದ್ದರೂ ಅವಳ ಅಚ್ಚುಕಟ್ಟೇ ಅಷ್ಟು ಎಂದುಕೊಂಡಿರುತ್ತಿದ್ದೆ.

‘ಮೊದಲೇ ಯಾಕೆ ಹೇಳ್ಲಿಲ್ಲ ನೀನು?’ ಎಂದು ಕಿರುಚಿದೆ.

‘ನೆನಪೇ ಆಗ್ಲಿಲ್ಲ ಕಣೇ. ಅದು ಕೈಗೆ ಗೊತ್ತಿತ್ತು. ನಾನು ಯಾವತ್ತೂ ಯೋಚಿಸಿ ಬಿಟ್ಟದ್ದಲ್ಲ’ ಎಂದಳು. ಯಾರ ಮೇಲೆ ಸಿಟ್ಟು ಮಾಡಲಿ? ಕಳಚಿದ್ದನ್ನು ಮತ್ತೆ ಅಂಟಿಸಲು ನೋಡಿದೆವು. ತಪ್ಪು ತಿದ್ದುವ ಕೆಂಪು ದ್ರವದ ಸೀಸೆ ಒಣಗಿ ಗಟ್ಟಿಯಾಗಿತ್ತು. ಗೋಂದು ಹಚ್ಚಿದರೆ ಮೇಣದ ಹಾಳೆ ಸುರುಟಿಕೊಂಡಿತು. ಅರ್ಧ ದಿನ ಒದ್ದಾಡಿ ಕೈಚೆಲ್ಲಿದೆವು.

‘ಹಾಗೇ ತಿರುಗಿಸು. ಬೇರೆ ದಾರಿ ಇಲ್ಲ’ ಎಂದಳು ಅಕ್ಕ.

ಅರವತ್ತೆರಡು ಓದುಗರು ಉಳಿದಿದ್ದರು, ಅರವತ್ತೆರಡು ಪ್ರತಿ. ನಾನು ಹಿಡಿ ತಿರುಗಿಸಿದೆ. ಅಕ್ಕ ಮಂಚದಿಂದಲೇ ಉರುಳೆಯ ಸದ್ದು ಕೇಳಿ, ‘ಇಂಕು ಜಾಸ್ತಿ ಆಯ್ತು, ನಿಲ್ಲಿಸು’ ಎನ್ನುವಳು. ಹಾಳೆ ಹೊರಬಂತು. ಕೆಳಗೆ ಅಷ್ಟಗಲ ಕಪ್ಪು. ಅದರ ಮೇಲೆ ಕಾಲಿಲ್ಲದ ನೌಕೆ, ಅರ್ಧಕ್ಕೇ ನಿಂತ ಏಣಿ. ಹೆಂಗಸಿನ ಪಾದ ಕಪ್ಪಿನಲ್ಲಿ ಹೋಗಿತ್ತು. ಆದರೂ ಸ್ವಲ್ಪ ಮನಸ್ಸಿಟ್ಟು ನೋಡಿದರೆ ಇಳಿದಿದೆ ಎಂದು ಗೊತ್ತಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅಂಚೆ ನಂಬಿ ಕೂತರೆ ನಾಲ್ಕು ದಿನ. ಎದುರು ಮನೆಯಾಕೆಯನ್ನು ಅಕ್ಕನ ಹತ್ತಿರ ಕೂರಿಸಿ, ಒಂದು ಪ್ರತಿಯನ್ನು ರಟ್ಟಿನ ನಡುವೆ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ‘ಕೈ ವಿಷಯ ಎತ್ತಿದ್ರೆ ಜೋಕೆ’ ಎಂದು ನಾನು ಬಾಗಿಲು ದಾಟುವವರೆಗೂ ಮಂಚದಿಂದ ಕೂಗಿ ಹೇಳಿದಳು.

ಆಸ್ಪತ್ರೆಯ ಕೋಣೆಯಲ್ಲಿ ಆರು ಮಂಚ, ಕಿಟಕಿಯ ಪಕ್ಕದ್ದು ಅವರದು. ನಾನು ಎತ್ತರದ ಆಳನ್ನು ಊಹಿಸಿಕೊಂಡಿದ್ದೆ. ಮಂಚದಲ್ಲಿ ಇದ್ದದ್ದು ಹಿಡಿಯಷ್ಟು ಮನುಷ್ಯ. ಮೈಯೆಲ್ಲ ಹಳದಿ. ಮಗಳು ‘ಅಪ್ಪಾ, ಪತ್ರಿಕೆ ಬಂದಿದೆ’ ಎಂದಾಗ ಕಣ್ಣು ಮಾತ್ರ ಒಮ್ಮೆಲೇ ಚುರುಕಾಯಿತು. ‘ನೀವು ಅವರಾ?’ ಎಂದು ಕೇಳಿದರು. ‘ಅಲ್ಲ, ತಂಗಿ’ ಎಂದೆ. ಮುಖ ಸ್ವಲ್ಪ ಬಾಡಿತು, ಮತ್ತೆ ನಕ್ಕರು. ‘ಓ, ಹೊಲಿಗೆ ಮಷಿನ್ನಿನ ಚಕ್ರ ನಿಮ್ಮದೇ ಅಲ್ವಾ!’

ಹಿಂಬದಿಯ ಪುಟ ತೆರೆದು ಕೊಟ್ಟೆ. ದಿಂಬಿನ ಕೆಳಗಿನಿಂದ ಗಡಿಯಾರ ರಿಪೇರಿಯ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಅದನ್ನು ಆಸ್ಪತ್ರೆಗೂ ತಂದಿದ್ದರು, ಪುಣ್ಯಾತ್ಮರು. ನೋಡಿದರು, ನೋಡಿದರು. ಉಗುರಿನಿಂದ ಗೆರೆಯ ಜಾಡು ಹಿಡಿದು ಹೋದರು. ನಾನು ದೇವರೇ ದೇವರೇ ಎನ್ನುತ್ತ ನಿಂತಿದ್ದೆ.

‘ಇದು ಅವರ ಕೈಯಲ್ಲ’ ಎಂದರು.

‘ಅವಳದೇ ಸಾರ್. ಹಾಳೆ ಸ್ವಲ್ಪ ಹಳೇದು...’

‘ಅವರು ಸುತ್ತು ಮುಚ್ಚಲ್ಲ. ಮೇಲೆ ಬಲಕ್ಕೆ ಒಂಚೂರು ಬಿಟ್ಟಿರ್ತಾರೆ. ಗೆರೆ ಎಳೆದು ಬಿಡೋವಾಗ ಕಡ್ಡಿ ಮೆತ್ತಗೆ ಎತ್ತುತ್ತಾರೆ, ಕೊನೆ ಸಣ್ಣಗಾಗುತ್ತೆ. ಇದು ಒತ್ತಿ ನಿಲ್ಲಿಸಿದ ಗೆರೆ.’ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. ‘ಅವರ ಕೈಗೆ ಏನಾಯ್ತು?’

‘ಸ್ವಲ್ಪ ಉಳುಕಿದೆ ಅಷ್ಟೇ.’

‘ಉಳುಕಿದ್ರೆ ವಾಸಿಯಾಗೋವರೆಗೆ ಕಾಯ್ತಿದ್ರು. ನನಗೆ ಬೈದು ಬರೀತಿದ್ರು, ಇನ್ನೂ ನಾಲ್ಕು ದಿನ ಬದುಕಿರಿ ಅಂತ. ಬೇರೆಯವರ ಕೈಗೆ ಕಡ್ಡಿ ಕೊಡೋರಲ್ಲ. ಏನಾಯ್ತು ಹೇಳಿ.’

ನನಗೆ ಸುಳ್ಳು ಮುಂದುವರಿಸಲು ಆಗಲಿಲ್ಲ. ಬಿದ್ದದ್ದು, ಬಲಗಡೆ ಹೋದದ್ದು, ನಾಲ್ಕು ಹಾಳೆ, ಎಲ್ಲ ಹೇಳಿ ಅತ್ತುಬಿಟ್ಟೆ. ಸಾಯುತ್ತಿರುವ ಮನುಷ್ಯನ ಮುಂದೆ ನಿಂತು ಅಳುವ ನನ್ನಂಥ ಮೂರ್ಖಳು ಇನ್ನೊಬ್ಬಳಿರಲಾರಳು. ಅವರು ಏಳಲು ನೋಡಿದರು. ನಿಜವಾಗಿ, ಕಾಲು ಕೆಳಗಿಡಲು ನೋಡಿದರು. ಮಗಳು ಹಿಡಿದು ಮಲಗಿಸಿದಳು. ‘ಐದು ತಾಸು ಅಲ್ವಾ ಬಸ್ಸಿಗೆ?’ ಎಂದು ಕೇಳಿದರು. ‘ಒಂದು ಸಲವೂ ಬರ್ಲಿಲ್ಲ ನಾನು.’

‘ಸಾರ್, ಚಿತ್ರ ನೋಡಿ. ಇಳಿದಿದೆ. ಇಲ್ಲಿ ಏಣಿ ಇದೆ, ಪಾದ ಇತ್ತು ಇಲ್ಲಿ, ನಾನೇ ಬರೆದೆ’ ಎಂದು ಪುಟ ಹಿಡಿದೆ. ‘ಹೂಂ’ ಎಂದರು. ನೋಡಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿದರು. ನಾನು ಹೊರಡುವಾಗ, ‘ಇಳೀತು ಅಂದೆ ಅಂತ ಹೇಳಿ. ಇಷ್ಟೇ ಹೇಳಿ. ನನಗೆ ಗೊತ್ತಾಯ್ತು ಅಂತ ತಿಳಿದ್ರೆ ಅವರು ತಡ್ಕೊಳ್ಳಲ್ಲ. ಮಾತು ಕೊಡಿ’ ಎಂದರು. ಕೊಟ್ಟೆ.

ನಾಲ್ಕನೆಯ ದಿನ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಎಂದಳು. ಅಕ್ಕನಿಗೆ ಹೇಳಿದೆ. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡಳು. ‘ಇಳಿದದ್ದು ನೋಡಿ ಹೋದ್ರಲ್ವಾ?’ ಎಂದು ಕೇಳಿದಳು.

‘ನೋಡಿ ಹೋದ್ರು ಕಣೇ. ಇಳೀತು ಅಂದ್ರು.’

ಅರ್ಧ ಮುಖದಲ್ಲಿ ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಯಾರು ಬಂದರೂ ಅದೇ ಮಾತು. ಅಂಚೆಯವನು ಬಂದರೂ, ವಯಸ್ಸಾದ ಹೆಡ್ ಕ್ಲಾರ್ಕು ನೋಡಿ ಹೋಗಲು ಬಂದರೂ, ‘ಸಂಪಾದಕರು ನೌಕೆ ಇಳಿದದ್ದು ನೋಡಿ ಕಣ್ಣು ಮುಚ್ಚಿದ್ರು. ನಮ್ಮ ತಂಗಿ ಅಲ್ಲೇ ಇದ್ಲು, ಬೇಕಾದ್ರೆ ಕೇಳಿ’ ಎನ್ನುವಳು. ಅವರು ನನ್ನತ್ತ ತಿರುಗುವರು. ನಾನು ಹೇಳಬೇಕು. ಹೇಳಿದೆ, ಬರಬರುತ್ತ ಚೆನ್ನಾಗಿಯೇ ಹೇಳಿದೆ. ಮುಖ ಅರಳಿತು ಎಂದೆ. ಏಣಿಯನ್ನು ಬೆರಳಿಟ್ಟು ತೋರಿಸಿದರು ಎಂದೆ. ಅವಳ ಸಂತೋಷ ನೋಡಿ ನನಗೆ ನಾಲಿಗೆ ನಿಲ್ಲದಾಯಿತು. ಒಂದು ದಿನ, ಭೂತಗನ್ನಡಿ ಸಿಕ್ಕಿಸಿಕೊಂಡು ಕಾಲು ತಾಸು ಒಂದೊಂದೇ ಗೆರೆ ನೋಡಿದರು ಎಂದುಬಿಟ್ಟೆ.

ಅವತ್ತು ಬಂದವರು ಹೋದರು. ನಾನು ಒಂದು ಲಂಗದ ಅಂಚು ಹೊಲಿಯುತ್ತಿದ್ದೆ.

‘ಭೂತಗನ್ನಡಿ ಇಟ್ಟು ನೋಡಿದ್ರಾ?’ ಎಂದಳು ಅಕ್ಕ.

‘ಹೂಂ.’

‘ಕಪ್ಪು ಬಿದ್ದದ್ದು ನೋಡಿ ಏನೂ ಕೇಳ್ಲಿಲ್ವಾ?’

‘ಇಲ್ಲ.’

‘ಸುತ್ತು ಮುಚ್ಚಿದೆ ಅಂತಲೂ ಕೇಳ್ಲಿಲ್ವಾ? ಯಾರು ಬರೆದದ್ದು ಅಂತ?’

ನಾನು ಮಷಿನ್ ನಿಲ್ಲಿಸಿದೆ. ‘ಇಲ್ಲ ಕಣೇ’ ಎಂದೆ.

ಅವಳು ಎದುರಿನ ಗೋಡೆ ನೋಡುತ್ತಿದ್ದಳು. ‘ಇಪ್ಪತ್ತೇಳು ವರ್ಷ ನನ್ನ ಗೆರೆ ನೋಡಿದೋರು’ ಎಂದಳು. ‘ಭೂತಗನ್ನಡಿ ಇಟ್ಟು ನೋಡಿದ್ರೂ ಗೊತ್ತಾಗ್ಲಿಲ್ಲ. ಹಾಗಾದ್ರೆ ಯಾರು ಬರೆದಿದ್ರೂ ಆಗ್ತಿತ್ತು ಅಲ್ವಾ?’

ಬಾಯಿ ತೆರೆದೆ. ಒಂದೇ ನೋಟಕ್ಕೆ ಗೊತ್ತಾಯಿತು ಅಕ್ಕಾ, ನಿನ್ನ ಗೆರೆಯ ತುದಿ ಹೇಗೆ ಸಣ್ಣಗಾಗುತ್ತದೆ ಎಂದೂ ಅವರಿಗೆ ಗೊತ್ತಿತ್ತು, ಎದ್ದು ಬರಲು ಕಾಲು ಕೆಳಗಿಟ್ಟರು ಎಂದು ಹೇಳಬೇಕು. ಹೇಳಿದರೆ, ಅವರು ನೌಕೆ ಇಳಿದದ್ದು ನೋಡಲೇ ಇಲ್ಲ, ಇವಳ ಸಂಕಟ ಹೊತ್ತುಕೊಂಡೇ ಹೋದರು ಎಂದೂ ಹೇಳಬೇಕು. ಎರಡರಲ್ಲಿ ಯಾವುದನ್ನು ಇವಳಿಂದ ಕಿತ್ತುಕೊಳ್ಳಲಿ? ಕೊಟ್ಟ ಮಾತು ಬೇರೆ ಇತ್ತು. ಜಗಳಗಂಟಿ, ಬಾಯಿಬಡುಕಿ ಎಂದು ಹೆಸರಾದ ನಾನು ಲಂಗ ಮಡಿಸಿಟ್ಟು ಎದ್ದೆ.

‘ಚಹಾ ಮಾಡ್ಲೇನೇ?’ ಎಂದೆ.

‘ಬೇಡ’ ಎಂದಳು ಅಕ್ಕ. ಆಮೇಲೆ ಬಂದವರಿಗೆ ಅವಳು ಆ ಕತೆ ಹೇಳುವುದನ್ನು ಬಿಟ್ಟಳು.